ಹಳೆ ಕಲ್ಲಿನ ಬಾಯಾರಿಕೆ

"ಸರ್, ಒಮ್ಮೆ ಮುರಿದದ್ದನ್ನ ಮತ್ತ ಸೇರಿಸ್ಕೊಂಡ್ರ, ಗಟ್ಟಿ ಇದ್ದದ್ದರ ಬಲಾನೂ ಹೋಗೂದಿಲ್ಲೇನ್ರಿ?"

ನೀಲಾಂಬಿಕಾ ಈ ಪ್ರಶ್ನೆಯನ್ನು ಹೊಸ್ತಿಲಿನ ಆಚೆಯೇ ನಿಂತು ಕೇಳಿಬಿಟ್ಟಳು. ಚಪ್ಪಲಿ ಇನ್ನೂ ಕಾಲಲ್ಲೇ ಇದ್ದವು. ಕಾಲೇಜಿನಿಂದ ಗುರುಗಳ ಮನೆಯವರೆಗೆ ಬಿಸಿಲಲ್ಲಿ ನಡೆದು ಬರುವಾಗ ದಾರಿಯುದ್ದಕ್ಕೂ ಅದೇ ಮಾತನ್ನು ಹಿಂದೆ ಮುಂದೆ ಮಾಡಿ ನೋಡಿದ್ದಳು. ಇನ್ನೊಂದು ಗಳಿಗೆ ತಡೆದರೆ ಅದು ಗಂಟಲಲ್ಲೇ ಉಳಿದುಬಿಡುತ್ತದೆ ಎನ್ನಿಸಿತ್ತು.

ಕೊಪ್ಪದ ಸರ್ ಎದ್ದು ಒಳಗೆ ಹೋದರು. ಒಂದು ಕೈಯಲ್ಲಿ ತಂಬಿಗೆ ತುಂಬ ನೀರು, ಇನ್ನೊಂದು ಕೈಯಲ್ಲಿ ಬೆಲ್ಲದ ಚೂರಿಟ್ಟ ತಟ್ಟೆ ಹಿಡಿದುಕೊಂಡು ಬಂದರು.

"ಮದ್ಲ ಕುಡಿಯವ್ವಾ. ಆಮ್ಯಾಲೆ ಮಾತು."

"ಅವಸರ ಐತ್ರಿ ಸರ್. ನಾಳೆ ಮುಂಜಾನೆ ನಾ ಒಂದು ನಿರ್ಧಾರ ಹೇಳಬೇಕು..."

"ಕುಡಿ ಅಂದೆ."

ಆ ಸೀಮೆಯ ರೀತಿಯೇ ಹಾಗೆ. ಬಾಗಿಲಿಗೆ ಬಂದವರು ಯಾರೇ ಆಗಲಿ, ಬೆಲ್ಲ ನೀರು ಕೊಟ್ಟು, ಅವರು ಕುಡಿದು ಉಸಿರು ಬಿಟ್ಟ ಮೇಲೆಯೇ ಬಂದ ಕಾರಣ ಕೇಳುವುದು. ನೀಲಾಂಬಿಕಾ ಹುಟ್ಟಿ ಬೆಳೆದ ಮನೆಯಲ್ಲೂ ಅದೇ ನಡೆದಿತ್ತು. ಅವಳು ಚಪ್ಪಲಿ ಬಿಟ್ಟು ಒಳಗೆ ಬಂದು ಚಾಪೆಯ ಮೇಲೆ ಕುಳಿತಳು. ಬೆಲ್ಲ ಬಾಯಿಗೆ ಹಾಕಿಕೊಂಡು ಗಟಗಟನೆ ನೀರು ಕುಡಿದಳು. ತನಗೆ ಇಷ್ಟು ಬಾಯಾರಿಕೆಯಾಗಿತ್ತು ಎಂಬುದು ಅವಳಿಗೆ ಆಗಲೇ ಗೊತ್ತಾದದ್ದು.

ಕೊಪ್ಪದ ಸರ್ ಸಿವಿಲ್ ಎಂಜಿನಿಯರಿಂಗ್ ಪ್ರಾಧ್ಯಾಪಕರಾಗಿದ್ದವರು, ಈಗ ನಿವೃತ್ತರು. ಕೆಲಸದಲ್ಲಿದ್ದಷ್ಟು ಕಾಲವೂ ಅವರು ಸಂಶೋಧನೆ ಮಾಡಿದ್ದು ಒಂದೇ ವಿಷಯದ ಮೇಲೆ: ಕಿತ್ತು ಬಿಸಾಡಿದ ಹಳೆಯ ಕಾಂಕ್ರೀಟನ್ನು ಜಲ್ಲಿಯಾಗಿ ಒಡೆದು ಮತ್ತೆ ರಸ್ತೆಗೆ ಹಾಕುವುದು ಹೇಗೆ ಎಂದು. ಉಳಿದ ಪ್ರಾಧ್ಯಾಪಕರು ಸೇತುವೆ, ಅಣೆಕಟ್ಟು ಎಂದು ದೊಡ್ಡ ದೊಡ್ಡ ಮಾತಾಡುವಾಗ ಇವರು ಊರಾಚೆಯ ಕಸದ ದಿಬ್ಬಗಳ ಮೇಲೆ ಕೈಯಲ್ಲಿ ಚೀಲ ಹಿಡಿದು ಓಡಾಡುತ್ತಿದ್ದರು. ವಿಭಾಗದಲ್ಲಿ ಬೆನ್ನ ಹಿಂದೆ ಅವರಿಗೆ 'ಗುಜರಿ ಪ್ರೊಫೆಸರ್' ಎಂಬ ಹೆಸರು ಬಿದ್ದಿತ್ತು. ಅದು ಅವರ ಕಿವಿಗೂ ತಲುಪಿತ್ತು. ಗುಜರಿಯವನಿಂದಲೇ ಊರು ಸ್ವಚ್ಛ ಇರುವುದು, ಅದರಲ್ಲಿ ಬೇಸರ ಮಾಡಿಕೊಳ್ಳುವಂಥದ್ದು ಏನಿದೆ ಎಂದು ನಕ್ಕು ಸುಮ್ಮನಾಗಿದ್ದರು.

ಅವರ ಮನೆಯ ಗೇಟಿನಿಂದ ಬಾಗಿಲವರೆಗಿನ ಹಾದಿಯೂ ಗುಜರಿಯದೇ. ಕಾಂಕ್ರೀಟಿನ ಬಲ ನೋಡಲು ಪ್ರಯೋಗಾಲಯದಲ್ಲಿ ಚೌಕನೆಯ ಗಟ್ಟಿಗಳನ್ನು ಎರಕ ಹೊಯ್ಯುತ್ತಾರೆ. ಆಮೇಲೆ ಯಂತ್ರದಲ್ಲಿಟ್ಟು ಅವು ಬಿರಿಯುವವರೆಗೆ ಒತ್ತುತ್ತಾರೆ. ಬಿರಿದದ್ದನ್ನು ಎಲ್ಲರೂ ಹಿತ್ತಲಿಗೆ ಎಸೆಯುತ್ತಾರೆ. ಕೊಪ್ಪದ ಸರ್ ಅವನ್ನು ಸ್ಕೂಟರಿನ ಮೇಲೆ ಹೇರಿಕೊಂಡು ಬಂದು ತಮ್ಮ ಹಾದಿಗೆ ಹಾಸಿದ್ದರು. ಕೆಲವುಗಳ ಮೇಲೆ ವಿದ್ಯಾರ್ಥಿಗಳು ಕೆಂಪು ಬಣ್ಣದಲ್ಲಿ ಬರೆದ ತಮ್ಮ ಹೆಸರಿನ ಮೊದಲಕ್ಷರ ಇನ್ನೂ ಕಾಣುತ್ತಿತ್ತು. ನೀಲಾಂಬಿಕಾ ಬರೆದದ್ದೂ ಅಲ್ಲೊಂದು ಕಡೆ ಇತ್ತು. ಅದನ್ನು ತುಳಿದುಕೊಂಡೇ ಅವಳು ಬಂದಿದ್ದಳು.

ಈಗ ಆ ಪ್ರಯೋಗಾಲಯ ಅವಳ ಸುಪರ್ದಿಯಲ್ಲಿತ್ತು. ಅಷ್ಟೇ ಅಲ್ಲ, ಇಷ್ಟು ವರ್ಷ ಬರೀ ಗಟ್ಟಿಗಳಲ್ಲೇ ಕಳೆದ ಆ ಸಂಶೋಧನೆಗೆ ಪುರಸಭೆಯವರು ಮೊದಲ ಸಲ ಒಂದು ನಿಜವಾದ ರಸ್ತೆ ಕೊಟ್ಟಿದ್ದರು: ಹೆರಿಗೆ ಆಸ್ಪತ್ರೆಯ ಮುಂದಿನ ಓಣಿ. ಅಲ್ಲಿಯ ಹಳೆಯ ಕಾಂಕ್ರೀಟನ್ನು ಕಿತ್ತು, ಒಡೆದು, ಅದನ್ನೇ ಅಲ್ಲಿಗೆ ಹೊಸ ರಸ್ತೆಯಾಗಿ ಹಾಸಬೇಕು. ಚೆನ್ನಾಗಿ ಬಂದರೆ ಊರಿನ ಉಳಿದ ಓಣಿಗಳೂ ಇವರ ಕೈಗೆ ಬರುತ್ತವೆ. ಕೆಟ್ಟರೆ ಜನ ಮೂಗು ಮುರಿಯುತ್ತಾರೆ, ಗುರುಗಳ ಇಡೀ ಜೀವಮಾನದ ಕೆಲಸ ಮತ್ತೆ ಕಸದ ದಿಬ್ಬ ಸೇರುತ್ತದೆ. ಆ ಕೆಲಸಕ್ಕೆ ಯಾರು ಇರಬೇಕು, ಯಾರು ಬೇಡ ಎಂದು ಅವಳು ಮರುದಿನ ಬೆಳಿಗ್ಗೆ ಹೇಳಬೇಕಿತ್ತು. ಬೇರೆ ಯಾರ ವಿಷಯದಲ್ಲೂ ತೊಡಕಿರಲಿಲ್ಲ. ತೊಡಕಿದ್ದದ್ದು ಚನ್ನವೀರನ ವಿಷಯದಲ್ಲಿ.

ಚನ್ನವೀರ ಅವಳ ಕೈಕೆಳಗೆ ಪಿಎಚ್‌ಡಿ ಮಾಡುತ್ತಿದ್ದವನು. ಅವನಷ್ಟು ಅಚ್ಚುಕಟ್ಟಾಗಿ ಕಾಂಕ್ರೀಟು ಕಲಸುವವರು ಆ ವಿಭಾಗದಲ್ಲಿ ಇರಲಿಲ್ಲ. ಆದರೆ ಎರಡು ವರ್ಷದ ಹಿಂದೆ, ಹೊರಗಿನಿಂದ ಬಂದ ಪರಿಣತರ ಮುಂದೆ ಅವನ ಗಟ್ಟಿಗಳನ್ನು ಯಂತ್ರಕ್ಕೆ ಇಟ್ಟಾಗ ಒಂದೂ ಬೇಕಾದಷ್ಟು ಭಾರ ತಾಳಲಿಲ್ಲ. ಅವರಲ್ಲೊಬ್ಬರು, ಇದರಿಂದ ರಸ್ತೆ ಮಾಡಿದರೆ ಆಕಳು ನಡೆದರೂ ತೂತು ಬೀಳುತ್ತದೆ ಎಂದರು. ಇಡೀ ಕೋಣೆ ನಕ್ಕಿತು. ಚನ್ನವೀರ ಅಂದು ಸಂಜೆಯೇ ಹೋದವನು ಮತ್ತೆ ಬರಲಿಲ್ಲ. ಯಾರಿಗೂ ಒಂದು ಮಾತು ಹೇಳಲಿಲ್ಲ, ಫೋನು ಎತ್ತಲಿಲ್ಲ. ಅವನು ಅರ್ಧಕ್ಕೆ ಬಿಟ್ಟ ಕೆಲಸ ಉಳಿದವರ ತಲೆಯ ಮೇಲೆ ಬಿತ್ತು.

"ಹೋದ ತಿಂಗಳ ಬಂದಾನ್ರಿ," ಎಂದಳು ನೀಲಾಂಬಿಕಾ. "ಮಟಮಟ ಮಧ್ಯಾಹ್ನದಾಗ ಬಸ್‌ಸ್ಟ್ಯಾಂಡಿಂದ ನಡಕೋತ ಬಂದು ಲ್ಯಾಬ್ ಬಾಗಲದಾಗ ನಿಂತಿದ್ದ. ನನಗ ಸಿಟ್ಟು ತಡೀಲಿಲ್ಲ. ಯಾಕ ಹೋಗಿದ್ದಿ, ಈಗ ಯಾಕ ಬಂದಿ ಅಂತ ಅಲ್ಲೇ ನಿಂದರಿಸಿ ಕೇಳಿದೆ. 'ಕೆಲಸಾ ಮಾಡ್ತೇನ್ರಿ ಮೇಡಂ' ಅಂದ, ಅಷ್ಟ. ನೋಡಿ ಪಾಪ ಅನ್ನಿಸ್ತು. ಹಳೇದೆಲ್ಲಾ ಮರತುಬಿಡು, ಆ ವಿಷಯದ ಸುದ್ದೀನ ತಗೀಬ್ಯಾಡ, ಹೊಸದಾಗಿ ಚಾಲೂ ಮಾಡು ಅಂದು ಅವತ್ತ ಎಲ್ಲಾರ ಜೋಡಿ ಕೆಲಸಕ್ಕ ಹಚ್ಚಿದೆ."

"ಮುಂದ?"

"ಮುಂದೇನ್ರಿ, ಅಂವನೂ ಮಾಡೂದಿಲ್ಲ, ಉಳದವ್ರಿಗೂ ಮಾಡಗೊಡೂದಿಲ್ಲ. ತೂಕಾ ಮಾಡಿದ್ದನ್ನ ಮತ್ತ ತೂಕಾ ಮಾಡ್ತಾನ. ಪ್ರತಿಯೊಂದಕ್ಕೂ ಯಾರರೆ ಬಂದು, ಹೌದಪಾ ಬರೋಬ್ಬರಿ ಐತಿ ಅನ್ನಬೇಕು. ಅವನ ಬಾಜೂಕ ನಿಂತು ನಿಂತು ಬಾಕಿಯವರ ಕೆಲಸಾನೂ ನಿಂತೈತಿ. ಮದ್ಲ ಹಾಡು ಹಾಡಿಕೋತ ಕೆಲಸಾ ಮಾಡೋ ಹುಡುಗೂರು, ಈಗ ಯಾರೂ ತುಟಿ ಬಿಚ್ಚೂದಿಲ್ಲ. ಅಂವಾ ಕೆಟ್ಟವ ಆಗಿದ್ರ ಕಳಸೂದು ಸುಲಭ ಇತ್ರಿ. ದಿನಾ ಎಲ್ಲಾರಿಗಿಂತ ಮದ್ಲ ಬಂದು ಬಾಗಲಾ ತಗಿಯೂದ ಕಾಯ್ಕೋತ ಕುಂತಿರ್ತಾನ."

ಕಳಿಸಿದರೆ ಅವನು ಮತ್ತೆ ಎಲ್ಲಿಯೂ ನಿಲ್ಲಲಾರ ಎಂದು ಅವಳಿಗೆ ಗೊತ್ತಿತ್ತು. ಇಟ್ಟುಕೊಂಡರೆ ರಸ್ತೆ ನಿಲ್ಲಲಾರದು ಎಂಬ ಭಯವೂ ಇತ್ತು. ಈ ಎರಡರ ನಡುವೆ ಸಿಕ್ಕಿಕೊಂಡು ಅವಳಿಗೆ ಊಟ ನಿದ್ದೆ ಸರಿಯಾಗಿರಲಿಲ್ಲ.

"ಒಂದು ಕತಿ ಹೇಳ್ತೇನಿ," ಎಂದರು ಕೊಪ್ಪದ ಸರ್.

ನೀಲಾಂಬಿಕಾಳಿಗೆ ಬೇಕಾಗಿದ್ದದ್ದು ಹೌದು ಅಥವಾ ಅಲ್ಲ ಎಂಬ ಒಂದು ಮಾತು. ಆದರೆ ಗುರುಗಳ ಸ್ವಭಾವ ಅವಳಿಗೆ ಗೊತ್ತು. ಕತೆ ಎಂದರೆ ಮುಗಿಯಿತು, ಅದು ಮುಗಿಯುವವರೆಗೆ ಬೇರೆ ದಾರಿಯಿಲ್ಲ. ಕತೆ ಹೇಳುವಾಗ ಅವರ ಮಾತಿನ ಧಾಟಿಯೂ ಬದಲಾಗುತ್ತಿತ್ತು; ತರಗತಿಯಲ್ಲಿ ನಿಂತವರ ಹಾಗೆ ಒಂದೊಂದೇ ವಾಕ್ಯ ಬಿಡಿಸಿ ಹೇಳುತ್ತಿದ್ದರು. ಅವಳು ಸೆರಗಿನಿಂದ ಕುತ್ತಿಗೆ ಒರೆಸಿಕೊಂಡು ಗೋಡೆಗೆ ಒರಗಿ ಕುಳಿತಳು.

ಅವರು ಹೇಳಿದ ಕತೆ ಇದು.

ಒಂದು ಊರಿತ್ತು. ಊರಿನ ಪಕ್ಕದಲ್ಲಿ ಒಂದು ಗುಡ್ಡವಿತ್ತು. ಗುಡ್ಡದ ಬುಡದಲ್ಲಿ ಒಂದು ಬಾವಿ. ಊರಿನವರು ಮನೆ ಕಟ್ಟಲು ಗುಡ್ಡದ ಕಲ್ಲು ತಂದರು. ರಸ್ತೆ ಹಾಕಲು ಗುಡ್ಡದ ಕಲ್ಲು ತಂದರು. ರಸ್ತೆ ಕೆಟ್ಟಾಗ ಕೆಟ್ಟದ್ದನ್ನು ಕಿತ್ತು ಊರಾಚೆ ಸುರಿದು, ಮತ್ತೆ ಗುಡ್ಡಕ್ಕೆ ಹೋದರು. ಹೀಗೆ ಊರಾಚೆ ಒಂದು ಕಡೆ ಒಡಕು ಕಾಂಕ್ರೀಟಿನ ದಿಬ್ಬ ಏರುತ್ತ ಹೋಯಿತು, ಇನ್ನೊಂದು ಕಡೆ ಗುಡ್ಡ ಇಳಿಯುತ್ತ ಹೋಯಿತು. ಗುಡ್ಡ ಅರ್ಧವಾದಾಗ ಬಾವಿಯ ನೀರು ತಳ ಕಂಡಿತು. ಆಗ ಊರಿನ ಹಿರಿಯರಿಗೆ ಎಚ್ಚರವಾಯಿತು. ಇನ್ನು ಮುಂದೆ ಗುಡ್ಡದ ಒಂದು ಕಲ್ಲನ್ನೂ ಮುಟ್ಟಬಾರದು, ರಸ್ತೆ ಬೇಕಾದರೆ ಆ ದಿಬ್ಬದಿಂದಲೇ ಮಾಡಿ ಎಂದರು.

ಯಾರೂ ಮುಂದೆ ಬರಲಿಲ್ಲ. ಕೊನೆಗೆ ರಸ್ತೆ ಮಾಡುವವನೊಬ್ಬ ಒಪ್ಪಿಕೊಂಡ. ಕಲ್ಲು ಎಲ್ಲಿಂದ ಬಂದರೂ ಒಡೆದೇ ಬರಬೇಕಲ್ಲ, ಇದು ಒಂದು ಸಲ ಹೆಚ್ಚು ಒಡೆದಿದೆ ಅಷ್ಟೇ ಎಂದ. ಜನ ನಕ್ಕರು. ಅವನಿಗೆ ಅದು ನಾಟಲಿಲ್ಲ. ಮಾಡಿ ತೋರಿಸುತ್ತೇನೆ ಎಂಬ ಹುರುಪು ಅವನಲ್ಲಿತ್ತು.

ಅವನು ದಿಬ್ಬದಿಂದ ಜಲ್ಲಿ ತಂದ. ಪ್ರತಿ ಕಲ್ಲಿಗೂ ಹಿಂದಿನ ರಸ್ತೆಯ ಗಾರೆ ಅಂಟಿಕೊಂಡಿತ್ತು. ಅದನ್ನು ಅವನು ಲೆಕ್ಕಕ್ಕೆ ಹಿಡಿಯಲಿಲ್ಲ. ಗುಡ್ಡದ ಕಲ್ಲಿಗೆ ಎಷ್ಟು ಸಿಮೆಂಟು, ಎಷ್ಟು ಮರಳು, ಎಷ್ಟು ನೀರು ಹಾಕುತ್ತಿದ್ದನೋ ಅಷ್ಟನ್ನೇ ಹಾಕಿ ಕಲಸಿದ. ನೋಡಲು ಚೆನ್ನಾಗಿತ್ತು. ಬಾಂಡ್ಲಿಯಲ್ಲಿ ಹೊತ್ತು ರಸ್ತೆಗೆ ತರುವಷ್ಟರಲ್ಲಿ ಅದು ಬಿಗಿದುಕೊಂಡಿತು. ಸುರಿದರೆ ಹರಡಲಿಲ್ಲ, ಬಡಿದರೆ ಕೂರಲಿಲ್ಲ. ಆಳುಗಳು ಕರಣೆ ಕೆಳಗಿಟ್ಟು ಅವನ ಮುಖ ನೋಡಿದರು. ಅವನು ಇನ್ನೊಂದಿಷ್ಟು ನೀರು ಹೊಯ್ಯಿಸಿದ. ಆಗ ಹರಡಿತು. ಎಲ್ಲರಿಗೂ ಸಮಾಧಾನವಾಯಿತು. ಆದರೆ ರಸ್ತೆ ಒಣಗಿದ ಮೇಲೆ ಹಿಮ್ಮಡಿಯಿಂದ ಉಜ್ಜಿದರೆ ಪುಡಿ ಎದ್ದಿತು. ಮೊದಲ ಗಾಡಿ ಹೋದದ್ದೇ ತಡ, ಚಕ್ರದ ಗುರುತು ಬಿತ್ತು. ಹಳೆಯದು ತಾನೂ ಕೆಟ್ಟಿತು, ಒಳ್ಳೆಯ ಸಿಮೆಂಟನ್ನೂ ಕೆಡಿಸಿತು ಎಂದು ಜನ ಮಾತಾಡಿಕೊಂಡರು.

ಅವನಿಗೆ ಅವಮಾನವಾಯಿತು. ಇದಕ್ಕೆಲ್ಲ ಆ ಅಂಟಿಕೊಂಡ ಗಾರೆಯೇ ಕಾರಣ ಎಂದುಕೊಂಡ. ಕಲ್ಲಿನ ಮೇಲೆ ಹಳೆಯದರ ಗುರುತೇ ಇರಬಾರದು ಎಂದು ಆಳುಗಳನ್ನು ಕೂರಿಸಿ, ಸುತ್ತಿಗೆ ಕೊಟ್ಟು, ಒಂದೊಂದೇ ಕಲ್ಲಿನಿಂದ ಗಾರೆ ಬಿಡಿಸಲು ಹಚ್ಚಿದ. ಗಾರೆ ಕಲ್ಲನ್ನು ಬಿಡಲಿಲ್ಲ. ಸುತ್ತಿಗೆ ಬಿಡಲಿಲ್ಲ. ಕಲ್ಲು ಸೀಳಿತು. ವಾರ ಕಳೆಯುವಷ್ಟರಲ್ಲಿ ಒಂದು ಕಡೆ ಪುಡಿಯ ರಾಶಿ ಬಿದ್ದಿತು, ಇನ್ನೊಂದು ಕಡೆ ಬೊಗಸೆಯಷ್ಟು ಶುದ್ಧ ಕಲ್ಲು. ಆಳುಗಳಲ್ಲಿ ಹಿರಿಯಳಾದ ಒಬ್ಬ ಹೆಂಗಸು ಕೈ ಝಾಡಿಸಿಕೊಂಡು ಎದ್ದು, "ಧಣಿ, ಗಾರೆ ಬಿಡಿಸಿ ಅಂದಿರಿ, ಇಲ್ಲಿ ಕಲ್ಲೇ ಉಳಿಯಲಿಲ್ಲವಲ್ಲ" ಎಂದಳು. ಅವನು ತಲೆ ತಗ್ಗಿಸಿದ.

ಇಷ್ಟು ಕೇಳುವಷ್ಟರಲ್ಲಿ ನೀಲಾಂಬಿಕಾಳಿಗೆ ತಾನು ಚನ್ನವೀರನಿಗೆ ಹೇಳಿದ ಮಾತು ನೆನಪಾಯಿತು. ಹಳೇದೆಲ್ಲಾ ಮರತುಬಿಡು ಎಂದಿದ್ದಳು. ಆ ಹಳೆಯದರಲ್ಲಿ ಅವನ ಐದಾರು ವರ್ಷದ ಓದು, ಕೈಗೆ ಹತ್ತಿದ ಕೆಲಸ, ಎಲ್ಲವೂ ಇತ್ತು. ಯಾಕೋ ಅವಳಿಗೆ ಕುಳಿತಲ್ಲಿ ಸರಿಯಾಗಿ ಕೂರಲಾಗಲಿಲ್ಲ. ಗುರುಗಳು ಮುಂದುವರಿಸಿದರು.

ರಸ್ತೆ ಮಾಡುವವನು ಕೈಚೆಲ್ಲಿದ. ಹಿರಿಯರ ಮಾತು ಮೀರಿ ಗುಡ್ಡಕ್ಕೇ ಹೋಗುವುದೆಂದು ತೀರ್ಮಾನಿಸಿದ. ಅಂದು ಸಂಜೆ ಅಕಾಲದ ಮಳೆ ಬಂತು. ಮರುದಿನ ಬೆಳಿಗ್ಗೆ ಅವನು ಒಬ್ಬನೇ ಗುಡ್ಡ ಹತ್ತಿ, ಎಲ್ಲಿ ಒಡೆಯಬೇಕೆಂದು ನೋಡಿ, ಬಂಡೆಯ ಮೇಲೆ ಸುಣ್ಣದ ಕಡ್ಡಿಯಿಂದ ಗೆರೆ ಎಳೆದ. ಕೆಳಗೆ ಬಾವಿ ಕಾಣುತ್ತಿತ್ತು. ಅದರ ಕಡೆ ನೋಡದೆ ಇಳಿದು ಬಂದ.

ಇತ್ತ ಆಳುಗಳ ಬಳಿ ಒಂದು ಚೀಲ ಸಿಮೆಂಟು ಉಳಿದಿತ್ತು. ಮಳೆಯ ತೇವ ತಗುಲಿದರೆ ಚೀಲದಲ್ಲೇ ಗಟ್ಟಿಯಾಗುತ್ತದೆ, ಹಾಳು ಮಾಡುವುದೇಕೆ ಎಂದು ಅವರು ಅದನ್ನು ಬಿಚ್ಚಿದರು. ಕೈಗೆ ಸಿಕ್ಕ ಜಲ್ಲಿ ಹಾಕಿ ಕಲಸಿ, ಸಾಮಾನಿನ ಕೊಠಡಿಯ ಬಾಗಿಲಲ್ಲಿದ್ದ ಒಂದು ತಗ್ಗಿಗೆ ತುಂಬಿದರು. ಕಾಲು ಮುರಿಯುವ ತಗ್ಗು ಮುಚ್ಚಿತಲ್ಲ ಎಂಬಷ್ಟೇ ಅವರ ಸಂತೋಷ.

ಗುಡ್ಡ ಒಡೆಯುವ ಹತಾರ ಹೊಂದಿಸಲು ಅವನು ಬೇರೆ ಊರಿಗೆ ಹೋಗಿ ಕೆಲವು ದಿನ ಬಿಟ್ಟು ಬಂದ. ಕೊಠಡಿಯಿಂದ ಹಾರೆ ಎಳೆದುಕೊಳ್ಳುವಾಗ ಅದು ಕೈ ಜಾರಿ ಆ ತಗ್ಗಿನ ಮೇಲೆ ಬಿತ್ತು. ಠಣ್ ಎಂದಿತು. ಅವನು ಹಾರೆ ಎತ್ತಿ ಬೇಕೆಂದೇ ಮತ್ತೊಮ್ಮೆ ಹಾಕಿದ. ಮತ್ತೆ ಠಣ್ ಎಂದಿತು. ಪುಡಿ ಏಳಲಿಲ್ಲ, ಗುರುತೂ ಬೀಳಲಿಲ್ಲ.

"ಇದಕ್ಕೆ ಯಾವ ಕಲ್ಲು ಹಾಕಿದಿರಿ?" ಎಂದು ಕೇಳಿದ.

"ಅದೇ ದಿಬ್ಬದ್ದು ಧಣಿ. ಬುಡದಲ್ಲಿ ಮಳೆ ನೀರು ನಿಂತಿತ್ತು, ಅಲ್ಲಿಯದೇ ಕೈಗೆ ಹತ್ತಿರವಿತ್ತು," ಎಂದರು.

ಅವನು ಹಾರೆ ಬಿಟ್ಟು ದಿಬ್ಬದ ಬಳಿ ಹೋಗಿ ಕುಳಿತ. ಬಿಸಿಲಿಗೆ ಕಾದ ಒಂದು ಒಣ ಕಲ್ಲು ಎತ್ತಿಕೊಂಡು ನೀರಿನ ಕೊಡದಲ್ಲಿ ಬಿಟ್ಟ. ಕಲ್ಲು ಮುಳುಗಿತು. ಅದರ ಮೈಯಿಂದ ಸಣ್ಣ ಸಣ್ಣ ಗುಳ್ಳೆಗಳು ಮೇಲೆ ಬಂದವು. ಬರುತ್ತಲೇ ಇದ್ದವು. ಕಲ್ಲು ನೀರು ಕುಡಿಯುತ್ತಿತ್ತು. ಅದಕ್ಕೆ ಅಂಟಿದ ಹಳೆಯ ಗಾರೆಯಲ್ಲಿ ಕಣ್ಣಿಗೆ ಕಾಣದ ನೂರಾರು ತೂತುಗಳಿದ್ದವು. ವರ್ಷಗಟ್ಟಲೆ ಬಿಸಿಲಲ್ಲಿ ಬಿದ್ದು ಅವೆಲ್ಲ ಒಣಗಿದ್ದವು. ಅಂಥ ಕಲ್ಲನ್ನು ತಂದ ದಿನವೇ ಅವನು ಸಿಮೆಂಟಿನ ಜೊತೆ ಕಲಸಿದ್ದ. ಸಿಮೆಂಟು ಬಲಗೊಳ್ಳಲು ಅದಕ್ಕೂ ನೀರು ಬೇಕು. ಆ ನೀರನ್ನು ಕಲ್ಲು ಕುಡಿದುಬಿಟ್ಟಿತ್ತು. ಕಲ್ಲು ಕದ್ದದ್ದಲ್ಲ. ಅದಕ್ಕೆ ಬಾಯಾರಿತ್ತು. ಆದರೆ ಅದರಿಂದ ಸುತ್ತಲಿನದೆಲ್ಲ ಬಿಗಿದುಕೊಂಡಿತ್ತು.

"ಸರ್," ನೀಲಾಂಬಿಕಾ ತಡೆಯಲಾರದೆ ನಡುವೆ ಬಾಯಿ ಹಾಕಿದಳು. "ಹಳೇ ಜಲ್ಲಿ ನೆನಸಬೇಕು ಅನ್ನೂದು ನನಗ ಗೊತ್ತಿಲ್ಲೇನ್ರಿ? ಪ್ರತಿ ವರ್ಷಾ ನಾನ ಪಾಠಾ ಮಾಡ್ತೇನಿ. ಈಗ ಬರೂ ಮುಂದೂ ಆಸ್ಪತ್ರಿ ಓಣಿ ಜಲ್ಲಿ ತೊಟ್ಟಿಗೆ ಹಾಕಿಸೇ ಬಂದೇನಿ. ಒಂದು ಒಣಾ ಕಲ್ಲು ನನ್ನ ಕಣ್ಣು ತಪ್ಪಿಸಿ ಒಳಗ ಹೋಗೂದಿಲ್ಲ."

"ಗೊತ್ತೈತಿ ಅಂತನ ನಿನಗ ಹೇಳಾಕತ್ತೇನಿ," ಎಂದರು ಗುರುಗಳು. "ಕೇಳು, ಇನ್ನೂ ಸ್ವಲ್ಪ ಐತಿ."

ರಸ್ತೆ ಮಾಡುವವನು ತೊಟ್ಟಿ ಕಟ್ಟಿಸಿದ. ಬಾವಿಯಲ್ಲಿ ಉಳಿದಿದ್ದ ನೀರನ್ನೇ ಹಿಡಿದು ತಂದು ಜಲ್ಲಿ ನೆನೆಹಾಕಿದ. ಎಷ್ಟು ವರ್ಷ ಒಣಗಿದ್ದ ಕಲ್ಲಾದರೂ ನೆನೆಯಲು ಒಂದು ರಾತ್ರಿ ಸಾಕಾಯಿತು. ಬೆಳಿಗ್ಗೆ ತೆಗೆದು ಗೋಣಿತಾಟಿನ ಮೇಲೆ ಹರಡಿದ. ಮೈಮೇಲಿನ ನೀರು ಆರುವವರೆಗೆ ಬಿಟ್ಟ. ತೊಟ್ಟಿಕ್ಕುವ ಕಲ್ಲನ್ನು ಹಾಗೇ ಹಾಕಿದರೂ ಕಲಸಿದ್ದು ತೆಳ್ಳಗಾಗುತ್ತದೆ. ಒಳಗೆ ತಣ್ಣಗೆ, ಹೊರಗೆ ಒಣ, ಅಂಥ ಹೊತ್ತು ನೋಡಿ ಕಲಸಿದ. ಬಾಂಡ್ಲಿಯಲ್ಲಿ ಹೊತ್ತು ತಂದರೂ ಬಿಗಿಯಲಿಲ್ಲ. ಸುರಿದಲ್ಲಿ ಹರಡಿತು, ಬಡಿದಂತೆ ಕೂತಿತು. ಆಳುಗಳ ಮುಖದಲ್ಲಿ ನಗು ಬಂತು.

ಹಿರಿಯರಲ್ಲಿ ಒಬ್ಬನಿಗೆ ಮಾತ್ರ ನಂಬಿಕೆ ಬರಲಿಲ್ಲ. ಅವನ ಹಿತ್ತಲಲ್ಲಿ ಹಿಂದೆಂದೋ ಗುಡ್ಡದಿಂದ ತಂದ ಒಳ್ಳೆಯ ಜಲ್ಲಿ ಬಿದ್ದಿತ್ತು. ರಸ್ತೆಯ ಒಂದು ಮಗ್ಗುಲಿಗೆ ನನ್ನ ಜಲ್ಲಿ ಹಾಕು, ಇನ್ನೊಂದು ಮಗ್ಗುಲಿಗೆ ನಿನ್ನದು, ಬೇಸಿಗೆ ಕಳೆಯಲಿ ನೋಡೋಣ ಎಂದ. ರಸ್ತೆ ಮಾಡುವವನು ಒಪ್ಪಿದ. ಎರಡೂ ಮಗ್ಗುಲನ್ನು ಒಂದೇ ದಿನ ಹಾಸಿದ.

ಹೊಸ ಕಾಂಕ್ರೀಟಿಗೆ ಕೆಲವು ವಾರ ಮೇಲಿನಿಂದ ನೀರು ಉಣಿಸುತ್ತಿರಬೇಕು. ಇಲ್ಲದಿದ್ದರೆ ಬಲ ಬರುವ ಮೊದಲೇ ಒಣಗಿ ಬಿರಿಯುತ್ತದೆ. ಆದರೆ ಬಾವಿಯಲ್ಲಿ ನೀರೆಲ್ಲಿತ್ತು? ಕೆಲವೇ ದಿನಕ್ಕೆ ಕೊಡ ತಳ ಕೆರೆಯತೊಡಗಿತು. ಬಿಸಿಲು ಏರಿತು. ಅವನಿಗೆ ಜೀವ ಹಿಡಿಯಾಯಿತು. ದಿನಾ ರಸ್ತೆಯ ಮೇಲೆ ಮೊಣಕಾಲೂರಿ ಕುಳಿತು ಬಿರುಕು ಹುಡುಕುತ್ತಿದ್ದ. ಬಿರುಕು ಬಂತು. ಕೂದಲೆಳೆಯಂಥ ಗೆರೆಗಳು ಒಂದಾದ ಮೇಲೆ ಒಂದು ಕಾಣಿಸಿಕೊಂಡವು. ಕಾಣಿಸಿಕೊಂಡದ್ದು ಗುಡ್ಡದ ಕಲ್ಲಿನ ಮಗ್ಗುಲಲ್ಲಿ. ಹಳೆಯ ಕಲ್ಲಿನ ಮಗ್ಗುಲಲ್ಲಿ ಹುಡುಕಿದರೂ ಅಲ್ಲೊಂದು ಇಲ್ಲೊಂದು ಸಿಕ್ಕಿತಷ್ಟೇ.

ನಂಬದ ಹಿರಿಯ ಬಂದು ನೋಡಿದ. ಬಗ್ಗಿ ಕೈಯಾಡಿಸಿದ. ಇದು ಹೇಗೆ ಎಂದು ಕೇಳಿದ.

ರಸ್ತೆ ಮಾಡುವವನು ಹೇಳಿದ: "ನಿಮ್ಮ ಕಲ್ಲು ಗಟ್ಟಿ. ಅದು ನೀರು ಕುಡಿದಿರಲಿಲ್ಲ, ಹಾಗಾಗಿ ಕೊಡಲು ಅದರ ಬಳಿ ಏನೂ ಇರಲಿಲ್ಲ. ಹಳೆಯ ಕಲ್ಲಿಗೆ ನಾವು ಮೊದಲು ಕುಡಿಸಿದ್ದೆವು. ಮೇಲಿನ ನೀರು ನಿಂತಾಗ ಅದು ತನ್ನೊಳಗಿನದನ್ನು ಸಿಮೆಂಟಿಗೆ ವಾಪಸು ಕೊಟ್ಟಿತು."

ಆ ಊರಿನ ರಸ್ತೆಗಳೆಲ್ಲ ಆಮೇಲೆ ಆ ದಿಬ್ಬದಿಂದಲೇ ಆದವು. ದಿಬ್ಬ ಇಳಿದು ಅಲ್ಲಿ ನೆಲ ಕಂಡಿತು. ಗುಡ್ಡ ಇದ್ದಷ್ಟು ಉಳಿಯಿತು. ಬಂಡೆಯ ಮೇಲೆ ಎಳೆದ ಸುಣ್ಣದ ಗೆರೆ ಮುಂದಿನ ಮಳೆಗೆ ತೊಳೆದುಹೋಯಿತು. ಬಾವಿಗೆ ಮತ್ತೆ ಹಗ್ಗ ಇಳಿಸಿದಾಗ ಮೊದಲಿನಷ್ಟು ಉದ್ದದ ಹಗ್ಗ ಬೇಕಾಗಲಿಲ್ಲ.

ಕತೆ ಮುಗಿಯಿತು. ಹೊರಗೆ ಬಿಸಿಲು ಇಳಿಮುಖವಾಗಿತ್ತು. ತೆರೆದ ಬಾಗಿಲಿನಿಂದ ಆ ಹಾದಿ ಕಾಣುತ್ತಿತ್ತು. ಯಂತ್ರದಲ್ಲಿ ಬಿರಿದ ಗಟ್ಟಿಗಳು ಒಂದರ ಪಕ್ಕ ಒಂದು ಗೇಟಿನವರೆಗೆ ಸಾಲಾಗಿ ಕೂತಿದ್ದವು. ಕತೆ ನೀಲಾಂಬಿಕಾಳಿಗೆ ಇಷ್ಟವಾಗಿತ್ತು. ಬೇಸಿಗೆಯ ಮಾತು ಮನಸ್ಸಿಗೆ ತಂಪು ತಂದಿತ್ತು. ಆದರೆ ತನ್ನ ಪ್ರಶ್ನೆ ಹಾಗೇ ಉಳಿಯಿತಲ್ಲ ಎಂಬ ಕಸಿವಿಸಿಯೂ ಇತ್ತು. ಬೆಳಗಾದರೆ ಚನ್ನವೀರ ಎಂದಿನಂತೆ ಎಲ್ಲರಿಗಿಂತ ಮೊದಲು ಬಂದು ಬಾಗಿಲ ಮುಂದೆ ಕುಳಿತಿರುತ್ತಾನೆ. ಅವನಿಗೆ ಏನು ಹೇಳುವುದು?

"ಸರ್, ಕಲ್ಲಿನ ಮಾತು ತಿಳೀತ್ರಿ," ಎಂದಳು. "ನಾ ಕೇಳಿದ್ದು ಮನಷ್ಯಾಂದು. ಚನ್ನವೀರನ್ನ ಇಟ್ಕೊಳ್ಳಲ್ಯೋ, ಕಳಸಲ್ಯೋ?"

ಕೊಪ್ಪದ ಸರ್ ಎದ್ದರು. ಅವಳ ಮುಂದಿದ್ದ ಖಾಲಿ ತಂಬಿಗೆಯನ್ನೂ ತಟ್ಟೆಯನ್ನೂ ಎತ್ತಿಕೊಂಡರು. ಒಳಗೆ ಹೊರಟವರು ನಡುಮನೆಯ ಬಾಗಿಲಲ್ಲಿ ನಿಂತು ತಿರುಗಿ ಕೇಳಿದರು:

"ಅಂವಾ ಆ ಬಿಸಲಾಗ ನಡಕೋತ ಬಂದು ನಿನ್ನ ಬಾಗಲದಾಗ ನಿಂತಾಗ, ಒಂದು ತಂಬಿಗಿ ನೀರು ಕೊಟ್ಟಿದ್ದೇನವ್ವಾ?"

"ಇಲ್ರಿ ಸರ್," ಎಂದಳು ನೀಲಾಂಬಿಕಾ. "ನೆನಸದ ಕಲಸಿಬಿಟ್ಟೇನಿ."